ಹಚ್ಚೆಯೂ ಹಿರಿಯರ ಒಪ್ಪಿಗೆಯೂ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ)

ಮನುಷ್ಯನು ತನ್ನ ಮೈಯನ್ನು ಇದ್ದಂತೆಯೇ ಬಿಡಲಾರನು. ಕೂದಲನ್ನು ಕತ್ತರಿಸುತ್ತಾನೆ, ಕೈಗೆ ಮದರಂಗಿ ಹಚ್ಚುತ್ತಾನೆ, ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಇಡುತ್ತಾನೆ. ಇವೆಲ್ಲ ತೊಳೆದರೆ ಹೋಗುವಂಥವು, ಬಿಟ್ಟರೆ ಬೆಳೆಯುವಂಥವು. ಆದರೆ ಸೂಜಿಯಿಂದ ಮಾಡುವ ಎರಡು ಅಲಂಕಾರಗಳು ಹೀಗಲ್ಲ. ಒಂದು ಕಿವಿ ಮೂಗುಗಳನ್ನು ಚುಚ್ಚಿಸಿಕೊಳ್ಳುವುದು; ಇನ್ನೊಂದು ಹಚ್ಚೆ ಹೊಯ್ಯಿಸಿಕೊಳ್ಳುವುದು. ಹದಿಹರೆಯದ ಮಕ್ಕಳು ಇವನ್ನು ಬೇಡಿದಾಗ ತಂದೆತಾಯಿಗಳು ಒಪ್ಪಬೇಕೇ, ಬೇಡವೇ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿಯೇ ಹುಟ್ಟಿದ್ದು. ನಮ್ಮದು ನವಲಗುಂದ ತಾಲೂಕಿನ ಒಂದು ಸಣ್ಣ ಹಳ್ಳಿ. ಪಿ.ಯು.ಸಿ. ಮೊದಲನೆಯ ವರ್ಷದಲ್ಲಿ ಓದುತ್ತಿರುವ ನನ್ನ ತಂಗಿ ಒಂದು ಸಂಜೆ ಎರಡು ಬೇಡಿಕೆಗಳನ್ನು ಮುಂದಿಟ್ಟಳು. ಕಿವಿಯ ಮೇಲಂಚಿನಲ್ಲಿ ಇನ್ನೊಂದು ತೂತು ಬೇಕು. ಮಣಿಕಟ್ಟಿನ ಮೇಲೆ ಒಂದು ಸಣ್ಣ ನವಿಲುಗರಿಯ ಹಚ್ಚೆ ಬೇಕು. ಊಟಕ್ಕೆ ಕುಳಿತಿದ್ದ ಅಪ್ಪ ತಲೆಯೆತ್ತದೆ, “ನಮ್ಮ ಮನಿತನದಾಗ ಇಂಥಾವೆಲ್ಲಾ ನಡಿಯಾಂಗಿಲ್ಲ” ಎಂದರು. ತಂಗಿ ಜಗಳಾಡಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದ ಆಯಿಯ ಬಳಿಗೆ ಹೋಗಿ, ಅವಳ ಸೆರಗನ್ನು ಮೆಲ್ಲನೆ ಸರಿಸಿ, ಬಲಗೈಯನ್ನು ಎತ್ತಿ ತೋರಿಸಿ, “ಹಂಗಾರ ಇದೇನಪ್ಪಾ?” ಎಂದು ಕೇಳಿದಳು.

ಆಯಿಯ ಮಣಿಕಟ್ಟಿನಿಂದ ಮೊಣಕೈವರೆಗೆ ಹಸುರು ಬಣ್ಣಕ್ಕೆ ತಿರುಗಿದ ಹಚ್ಚೆ. ತುಳಸಿಕಟ್ಟೆ, ಚೇಳು, ತೊಟ್ಟಿಲು, ನಡುನಡುವೆ ಸಾಲುಸಾಲಾಗಿ ಚುಕ್ಕೆಗಳು. ಹಣೆಯ ನಡುವೆಯೂ ಒಂದು ಬೊಟ್ಟು. ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ ನಮಗೆ ಅದು ಆಯಿಯ ಮೈಬಣ್ಣದಷ್ಟೇ ಸಹಜವಾಗಿದ್ದಿತು. ಅಪ್ಪ ಉತ್ತರ ಕೊಡಲಿಲ್ಲ, ಅವ್ವ ನಕ್ಕಳು. ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತು.

ಕಿವಿ ಮತ್ತು ಮೂಗು

ನಮ್ಮ ಭಾಗದಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಿನಲ್ಲಿ ಮಲಗಿದ ಕೂಸಿಗೆ ಮಾತು ಬರುವ ಮೊದಲೇ ಕಿವಿ ಚುಚ್ಚಿ ಆಗಿರುತ್ತದೆ. ಪತ್ತಾರರು ಮನೆಗೆ ಬಂದು, ಚೂಪು ಮಾಡಿದ ಬಂಗಾರದ ತಂತಿಯಿಂದ ಕ್ಷಣಮಾತ್ರದಲ್ಲಿ ಚುಚ್ಚಿ, ಅದನ್ನೇ ಬಳೆಯಂತೆ ಬಾಗಿಸಿ ಬಿಡುತ್ತಾರೆ. ಕೂಸು ಚೀರುತ್ತದೆ, ತಾಯಿ ಸಕ್ಕರೆ ನೆಕ್ಕಿಸುತ್ತಾಳೆ, ಹಿರಿಯರು ಅಕ್ಷತೆ ಹಾಕುತ್ತಾರೆ. ಒಪ್ಪಿಗೆಯ ಪ್ರಶ್ನೆ ಅಲ್ಲಿ ಯಾರ ತಲೆಯಲ್ಲಿಯೂ ಸುಳಿಯುವುದಿಲ್ಲ.

ಈ ರೂಢಿ ಬಹು ಹಳೆಯದು. ಹಿಂದೂಗಳ ಷೋಡಶ ಸಂಸ್ಕಾರಗಳಲ್ಲಿ ಕರ್ಣವೇಧವೂ ಒಂದೆಂದು ಎಣಿಕೆಯಿದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕಿವಿ ಚುಚ್ಚುವ ಹಾಗೂ ಹರಿದ ಕಿವಿಯನ್ನು ಕೂಡಿಸುವ ಕ್ರಮವನ್ನೇ ವಿವರಿಸುತ್ತದೆ. ಮಗುವಿನ ಆರನೆಯ ಇಲ್ಲವೆ ಏಳನೆಯ ತಿಂಗಳಿನಲ್ಲಿ, ರಕ್ಷಣೆಗಾಗಿಯೂ ಭೂಷಣಕ್ಕಾಗಿಯೂ ಕಿವಿಯನ್ನು ಚುಚ್ಚಬೇಕು. ಕಿವಿಯ ಹಾಲೆಯನ್ನು ಎಳೆದು ಹಿಡಿದು, ಬಿಸಿಲಿನ ಬೆಳಕು ಹಾಯುವ ತೆಳುವಾದ ಸ್ಥಳವನ್ನು ನೋಡಿ ಅಲ್ಲಿಯೇ ಚುಚ್ಚಬೇಕು. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ ಮೊದಲು. ಬಳಿಕ ಹತ್ತಿಯ ಬತ್ತಿಯನ್ನಿಟ್ಟು ಎಣ್ಣೆ ಹಾಕುತ್ತ, ಮೂರು ಮೂರು ದಿನಗಳಿಗೆ ಬತ್ತಿಯನ್ನು ದಪ್ಪ ಮಾಡುತ್ತ ಹೋಗಬೇಕು ಎಂದು ಅದರಲ್ಲಿ ಹೇಳಿದೆ. ತಪ್ಪು ಸ್ಥಳದಲ್ಲಿ ಚುಚ್ಚಿದರೆ ಜ್ವರ, ಬಾವು, ನೋವುಗಳು ಬರುವುವೆಂಬ ಎಚ್ಚರಿಕೆಯೂ ಇದೆ. ಹರಿದ ಹಾಲೆಯನ್ನು ಕೂಡಿಸುವ 15 ವಿಧಾನಗಳನ್ನು ಸುಶ್ರುತನು ಹೇಳಿರುವುದನ್ನು ನೋಡಿದರೆ, ಆ ಕಾಲದಲ್ಲಿಯೂ ಭಾರವಾದ ಓಲೆಗಳಿಂದ ಕಿವಿಗಳು ಹರಿಯುತ್ತಿದ್ದವೆಂದೇ ತಿಳಿಯಬೇಕು.

ರಕ್ಷಣೆಯ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ರೂಪದಲ್ಲಿ ಉಳಿದುಬಂದಿತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೂಗನ್ನೋ ಕಿವಿಯನ್ನೋ ಚುಚ್ಚಿ, ತಿಪ್ಪಣ್ಣ ಇಲ್ಲವೆ ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಊನವುಳ್ಳ, ಬೇಡವಾದ ಕೂಸೆಂದು ಮೃತ್ಯು ಅದನ್ನು ಮುಟ್ಟಲಾರದೆಂಬ ಭಾವನೆ. ಆ ಚುಚ್ಚುವಿಕೆಯಲ್ಲಿ ಸೊಗಸಿನ ಮಾತಿರಲಿಲ್ಲ. ತಾಯಿಯೊಬ್ಬಳ ಅಂಜಿಕೆ ಇದ್ದಿತು.

ಇನ್ನು ಮೂಗಿನ ವಿಷಯ. ಮೂಗುತಿಯಿಲ್ಲದ ಹೆಣ್ಣು ಹೆಣ್ಣೇ ಅಲ್ಲವೆಂಬಂತೆ ನಮ್ಮ ಹಿರಿಯರು ಮಾತನಾಡುತ್ತಾರೆ. ಆದರೆ ಚರಿತ್ರೆ ಬೇರೆಯೇ ಹೇಳುತ್ತದೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿದ್ದ ಪರಶುರಾಮ ಕೃಷ್ಣ ಗೋಡೆಯವರು ಸಂಸ್ಕೃತ ಗ್ರಂಥಗಳನ್ನು ಶೋಧಿಸಿ, ನತ್ತು ಸುಮಾರು ಸಾವಿರ ವರ್ಷಗಳಿಗಿಂತ ಹಿಂದಿನ ವಾಙ್ಮಯದಲ್ಲಿ ಕಾಣದೆಂದು ತೋರಿಸಿದರು. ನಮ್ಮ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು 1050ರ ಸುಮಾರಿನದು, ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಕಾಲದ ಶಿಲ್ಪಗಳಲ್ಲಿ ದೇವದೇವಿಯರ ಕಿವಿಗಳು ಹೆಗಲಿಗೆ ತಾಗುವಂಥ ದೊಡ್ಡ ಓಲೆಗಳನ್ನು ಹೊತ್ತಿರುತ್ತವೆ; ಮೂಗುಗಳು ಮಾತ್ರ ಬರಿದಾಗಿರುತ್ತವೆ. ಎಂದರೆ ಇಂದು ಸಂಪ್ರದಾಯವೆಂದು ನಾವು ಹಿಡಿದುಕೊಂಡಿರುವ ಮೂಗುತಿಯೂ ಒಂದು ಕಾಲಕ್ಕೆ ಹೊಸ ಸೊಗಸಾಗಿಯೇ ಬಂದುದು.

ನನ್ನ ತಂಗಿ ಕೇಳಿದ ಕಿವಿಯ ಮೇಲಂಚಿನ ತೂತೂ ಹೊಸತಲ್ಲ. ನಮ್ಮ ಆಯಿಯ ಕಿವಿಯ ಮೇಲ್ಭಾಗದಲ್ಲಿ ಮುಚ್ಚಿಹೋದ ಒಂದು ಕುಳಿಯಿದೆ. ಅಲ್ಲಿ ಅವಳು ಬುಗುಡಿ ಹಾಕುತ್ತಿದ್ದಳು. ಕೆಳಗೆ ಬೆಂಡೋಲೆ, ಮೇಲೆ ಬುಗುಡಿ, ಮೂಗಿನಲ್ಲಿ ನತ್ತು ಇದ್ದರೆ ಒಕ್ಕಲಿಗರ ಮನೆಯ ಸೊಸೆಗೆ ಅದೇ ಪೂರ್ಣ ಶೃಂಗಾರ. ಗಂಡಸರೂ ಹಿಂದೆ ಬಿದ್ದಿರಲಿಲ್ಲ. ಹಳೆಯ ಹಿರಿಯರ ಕಿವಿಗಳಲ್ಲಿ ಒಂಟಿಗಳನ್ನು ನಾನೇ ನೋಡಿದ್ದೇನೆ. ಆದ್ದರಿಂದ “ಇದು ಪರದೇಶದ ಹುಚ್ಚು” ಎಂಬ ಮಾತಿನಿಂದ ಮಕ್ಕಳ ಬಾಯಿ ಮುಚ್ಚಿಸಲು ಹೋದರೆ, ಮನೆಯ ಮುದುಕರ ಕಿವಿಗಳೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತವೆ.

ಹಣಚಿಬೊಟ್ಟು

ಹಚ್ಚೆಗೆ ನಮ್ಮ ಕಡೆ ಹಣಚಿಬೊಟ್ಟು ಎಂದೂ ಹೇಳುತ್ತಾರೆ. ಇದನ್ನು ಹಾಕುವವರು ಹೆಚ್ಚಾಗಿ ಕೊರವರ ಹೆಣ್ಣುಮಕ್ಕಳು. ತೊಗಲುಗೊಂಬೆ ಆಡಿಸುವ ಕಿಳ್ಳಿಕ್ಯಾತರ ಹೆಂಗಸರಿಗೂ ಈ ವಿದ್ಯೆ ಗೊತ್ತಿತ್ತು. ಎಡ್ಗರ್ ಥರ್ಸ್ಟನ್ನರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಊರೂರು ತಿರುಗಿ ಹಚ್ಚೆ ಹೊಯ್ಯುವ ಕೊರವಂಜಿಯರ ಪ್ರಸ್ತಾಪವಿದೆ.

ಕ್ರಮವನ್ನು ಆಯಿಯ ಬಾಯಿಂದಲೇ ಕೇಳಿ ಬರೆದುಕೊಂಡೆ. ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲಿ ಅರೆಯುತ್ತಿದ್ದರು. ಬಾಣಂತಿಯ ಎದೆಹಾಲು ಸಿಕ್ಕರೆ ಅದನ್ನೂ ಬೆರೆಸುತ್ತಿದ್ದರು. ಮೂರು ನಾಲ್ಕು ಸೂಜಿಗಳನ್ನು ದಾರದಿಂದ ಒಟ್ಟಿಗೆ ಕಟ್ಟಿ, ಕಡ್ಡಿಯಿಂದ ಮೊದಲು ಚಿತ್ರ ಬರೆದುಕೊಂಡು, ಅದರ ಗುಂಟ ಟಕಟಕನೆ ಚುಚ್ಚುತ್ತ ಹೋಗುತ್ತಿದ್ದರು. ನೋವು ಮರೆಯಲೆಂದು ಹಾಡು ಹೇಳುತ್ತಿದ್ದರು. ಮುಗಿದ ಮೇಲೆ ಅರಿಷಿಣ ಮತ್ತು ಔಡಲೆಣ್ಣೆ. ಕೂಲಿ ಒಂದು ಸೇರು ಜೋಳ, ಒಂದು ಹಳೆಯ ಕುಪ್ಪಸ.

“ನಿನಗ ಮನಸಿತ್ತೇನ ಆಯಿ?” ಎಂದು ನಾನು ಕೇಳಿದೆ.

“ನನಗ ಯಾರು ಕೇಳ್ಯಾರವಾ?” ಎಂದಳು ಆಯಿ. “ಒಂಬತ್ತೋ ಹತ್ತೋ ವರ್ಷದಾಕಿ ಇದ್ದೆ. ನಮ್ಮವ್ವ ಕೈ ಹಿಡಿದ್ಲು, ನಮ್ಮತ್ತಿ ಕಾಲು ಹಿಡಿದ್ಲು. ಆಕಿ ಹಾಡಕೋತ ಚುಚ್ಚಿದ್ಲು, ನಾ ಅಳಕೋತ ಚುಚ್ಚಿಸಿಕೊಂಡೆ. ಮೂರು ದಿನ ಕೈ ಬಾತು ರೊಟ್ಟಿ ಮುರಿಯಾಕ ಬರಲಿಲ್ಲ.”

ಹಚ್ಚೆಯಿಲ್ಲದ ಹುಡುಗಿಯನ್ನು ಗಂಡನ ಮನೆಯವರು ಹಂಗಿಸುತ್ತಿದ್ದರಂತೆ. ಸತ್ತ ಮೇಲೆ ಬಂಗಾರ ಬೆಳ್ಳಿ ಇಲ್ಲಿಯೇ ಉಳಿಯುತ್ತವೆ, ಜೊತೆಗೆ ಬರುವುದು ಹಣಚಿಬೊಟ್ಟೊಂದೇ ಎಂಬ ನಂಬಿಕೆಯೂ ಇದ್ದಿತು. ಬಡವರ ಹೆಣ್ಣುಮಕ್ಕಳಿಗೆ ಅದು ಕಳ್ಳರು ಕದಿಯಲಾರದ, ಸಾಹುಕಾರನು ಒತ್ತೆ ಹಿಡಿಯಲಾರದ ಒಡವೆ.

ಈ ಕಲೆ ನಮ್ಮ ನಾಡೊಂದರದೇ ಅಲ್ಲ. ಆಸ್ಟ್ರಿಯಾ ಇಟಲಿಗಳ ಗಡಿಯ ಹಿಮದಲ್ಲಿ 1991ರಲ್ಲಿ ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನೊಬ್ಬನ ಶವ ಸಿಕ್ಕಿತು. ಅವನ ಮೈಮೇಲೆ 61 ಹಚ್ಚೆಯ ಗುರುತುಗಳನ್ನು ಎಣಿಸಿದ್ದಾರೆ. ಟ್ಯಾಟೂ ಎಂಬ ಶಬ್ದವು ಪೆಸಿಫಿಕ್ ಸಾಗರದ ದ್ವೀಪಗಳದು. 1769ರಲ್ಲಿ ಟಹೀಟಿಗೆ ಹೋದ ಕ್ಯಾಪ್ಟನ್ ಕುಕ್ಕನ ಹಡಗಿನವರ ಬರಹಗಳ ಮೂಲಕ ಅದು ಇಂಗ್ಲಿಷಿಗೆ ಬಂದಿತು. ಎಡಿಸನ್ನನ ವಿದ್ಯುತ್ ಲೇಖನಿಯ ತತ್ವವನ್ನು ಹಿಡಿದು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬವನು 1891ರಲ್ಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದನು. ಇಂದು ನಮ್ಮ ಜಾತ್ರೆಗಳಲ್ಲಿ ಬ್ಯಾಟರಿಗೆ ತಂತಿ ಜೋಡಿಸಿಕೊಂಡು ಜೀರುಂಡೆಯಂತೆ ಗುಂಯ್‌ಗುಡುವ ಯಂತ್ರವು ಅದರ ವಂಶದ್ದೇ.

ಹಚ್ಚೆ ಏಕೆ ಅಳಿಯುವುದಿಲ್ಲ?

ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರಗಳಿವೆ. ಹೊರಪದರದ ಜೀವಕೋಶಗಳು ಕೆಳಗಿನಿಂದ ಹುಟ್ಟಿ ಮೇಲಕ್ಕೆ ಬಂದು, ಸುಮಾರು ಒಂದು ತಿಂಗಳಿನಲ್ಲಿ ಉದುರಿಹೋಗುತ್ತವೆ. ಮದರಂಗಿಯ ಬಣ್ಣ ಈ ಪದರಕ್ಕಷ್ಟೇ ಹತ್ತುವುದರಿಂದ ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಹಚ್ಚೆಯ ಸೂಜಿಯಾದರೋ ಇದನ್ನು ದಾಟಿ ಒಳಪದರದಲ್ಲಿ ಮಸಿಯನ್ನು ಬಿಡುತ್ತದೆ. ಹೊರಗಿನ ವಸ್ತು ಬಂದಿತೆಂದು ಮೈಯ ಕಾವಲುಕೋಶಗಳು ಓಡಿಬಂದು ಆ ಮಸಿಯ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಮಸಿ ಹೊಟ್ಟೆಯಲ್ಲಿದ್ದಂತೆಯೇ ಅವು ಅಲ್ಲಿ ನಿಂತುಬಿಡುತ್ತವೆ. ಫ್ರಾನ್ಸಿನ ಮಾರ್ಸೇಲ್ ನಗರದ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ 2018ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಮಸಿ ನುಂಗಿದ ಕೋಶವು ಸತ್ತಾಗ ಅದು ಬಿಟ್ಟ ಕಣಗಳನ್ನು ಪಕ್ಕದ ಹೊಸ ಕೋಶ ಎತ್ತಿಕೊಳ್ಳುತ್ತದೆ. ಹೀಗೆ ಒಂದು ತಲೆಮಾರಿನ ಕಾವಲುಗಾರರು ಮುಂದಿನ ತಲೆಮಾರಿಗೆ ಹೊರೆಯನ್ನು ಒಪ್ಪಿಸುತ್ತ ಹೋಗುವುದರಿಂದ ಚಿತ್ರ ಉಳಿಯುತ್ತದೆ.

ಕಿವಿಯ ತೂತಿನ ಮಾತು ಬೇರೆ. ಅಲ್ಲಿ ಮೈ ಗಾಯವನ್ನು ಮುಚ್ಚಲು ಸದಾ ಯತ್ನಿಸುತ್ತಿರುತ್ತದೆ. ಒಡವೆ ತೆಗೆದಿಟ್ಟರೆ ಬಹಳ ಸಲ ತೂತು ಕಿರಿದಾಗುತ್ತದೆ ಇಲ್ಲವೆ ಮುಚ್ಚಿಹೋಗುತ್ತದೆ. ಚಿಕ್ಕ ಕಲೆಯೊಂದು ಉಳಿದೀತು, ಅಷ್ಟೇ. ಕಿವಿ ಚುಚ್ಚುವುದನ್ನೂ ಹಚ್ಚೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದಕ್ಕೆ ಇದೇ ಮೊದಲನೆಯ ಕಾರಣ.

ಅಪಾಯಗಳು

ಹಾಗೆಂದು ಚುಚ್ಚುವುದೆಲ್ಲ ನಿರಪಾಯವೆಂದಲ್ಲ. ಕಿವಿಯ ಹಾಲೆ ಮೆತ್ತನೆಯ ಮಾಂಸ. ಆರರಿಂದ ಎಂಟು ವಾರಗಳಲ್ಲಿ ಮಾಯುತ್ತದೆ. ಮೇಲಂಚು ಮೃದ್ವಸ್ಥಿ, ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಅದು ಮಾಯಲು ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ ಬೇಕು. ಅಲ್ಲಿ ಕೀವಾದರೆ ಔಷಧವೂ ಸುಲಭವಾಗಿ ತಲುಪದು; ಕಿವಿಯ ಆಕಾರವೇ ಕೆಡುವ ಸಂಭವವುಂಟು. ಒತ್ತಿ ಹೊಡೆಯುವ ಗನ್ನನ್ನು ಮೇಲಂಚಿಗೆ ಬಳಸಬಾರದೆಂದು ವೈದ್ಯರು ಹೇಳುತ್ತಾರೆ. ಅಗ್ಗದ ಓಲೆಗಳಲ್ಲಿರುವ ನಿಕ್ಕಲಿನಿಂದ ಕೆಲವರಿಗೆ ತುರಿಕೆ ಹುಟ್ಟುತ್ತದೆ. ಇನ್ನು ಕೆಲವರ ಮೈಗುಣದಲ್ಲಿ ಗಾಯ ಮಾಯುವ ಬದಲು ಗಂಟಾಗಿ ಬೆಳೆಯುತ್ತದೆ. ಹದಿಹರೆಯದಲ್ಲಿ ಈ ಸಂಭವ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಮಕ್ಕಳು ಎರಡು ಸಲ ಯೋಚಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಸೂಜಿಯದು. ಕಳೆದ ವರ್ಷ ಒಂದು ಜಾತ್ರೆಯಲ್ಲಿ ನಾನು ಹಚ್ಚೆಯವನ ಮುಂದೆ ಒಂದು ತಾಸು ನಿಂತು ನೋಡಿದೆ. ಏಳು ಜನರಿಗೆ ಹಾಕಿದನು. ಸೂಜಿ ಒಂದೇ, ಮಸಿಯ ಬಟ್ಟಲು ಒಂದೇ, ಒರೆಸುವ ಅರಿವೆಯೂ ಒಂದೇ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಮೂರೂ ರಕ್ತದಿಂದ ರಕ್ತಕ್ಕೆ ಹೋಗುವ ರೋಗಾಣುಗಳು. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿಯೂ ಏಳು ದಿನಗಳವರೆಗೆ ಬದುಕಬಲ್ಲುದು. ಅದಕ್ಕೆ ಲಸಿಕೆಯಿದೆ, ಉಳಿದೆರಡಕ್ಕೆ ಲಸಿಕೆಯಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಮಾತ್ರಕ್ಕೆ ಸೂಜಿ ಶುದ್ಧವಾಗದು. ಆಸ್ಪತ್ರೆಯ ಕ್ರಮದಂತೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 15 ನಿಮಿಷ ಇಡಬೇಕು. ಇಲ್ಲವೆ ಹೊಸ ಸೂಜಿಯನ್ನು ನಮ್ಮ ಕಣ್ಣೆದುರಿಗೇ ಕಟ್ಟು ಒಡೆದು ತೆಗೆಯಬೇಕು. ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದಾಗ, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡವರನ್ನು ವೈದ್ಯರು ಹಿಂದಕ್ಕೆ ಕಳುಹಿಸಿದ್ದು ಇದೇ ಕಾರಣಕ್ಕಾಗಿ.

ಮಸಿಯ ವಿಷಯವೂ ಚಿಂತಿಸತಕ್ಕದ್ದೇ. ಆಯಿಯ ಕಾಲದ ದೀಪದ ಕಪ್ಪಿನಲ್ಲಿ ಏನಿದೆಯೆಂಬುದು ಎಲ್ಲರಿಗೂ ಕಾಣುತ್ತಿತ್ತು. ಇಂದಿನ ಬಣ್ಣದ ಬಾಟಲಿಗಳ ಮಾತು ಹಾಗಲ್ಲ. ಪರೀಕ್ಷೆಗೆ ಕಳುಹಿಸಿದ ಹಚ್ಚೆಯ ಬಣ್ಣಗಳಲ್ಲಿ ಕ್ರೋಮಿಯಂ, ಆರ್ಸೆನಿಕ್ ಮೊದಲಾದ 22 ಲೋಹಗಳು ಕಂಡುಬಂದಿವೆಯೆಂದೂ ಇವನ್ನು ನಿಯಂತ್ರಿಸಲು ನಿಯಮಗಳು ಬೇಕೆಂದೂ ನಮ್ಮ ರಾಜ್ಯದ ಆರೋಗ್ಯ ಸಚಿವರು 2025ರಲ್ಲಿ ಹೇಳಿದರು. ಇಂಗ್ಲೆಂಡಿನಲ್ಲಿ 1969ರ ಕಾನೂನಿನಂತೆ 18 ವರ್ಷ ತುಂಬದವರಿಗೆ ಹಚ್ಚೆ ಹಾಕುವುದು ಅಪರಾಧ. ನಮ್ಮಲ್ಲಿ ಹಚ್ಚೆಗೆಂದೇ ವಯಸ್ಸನ್ನು ಗೊತ್ತುಪಡಿಸುವ ಕೇಂದ್ರ ಕಾನೂನು ಇಲ್ಲ. ಆದುದರಿಂದ ಕಾನೂನು ಮಾಡಬೇಕಾದ ಕೆಲಸ ಸದ್ಯಕ್ಕೆ ಮನೆಯವರ ಮೇಲೆಯೇ ಬಿದ್ದಿದೆ.

ಒಂದು ಹುಲಿಮುಖದ ಕಥೆ

ನಮ್ಮ ಕಾಕಾನ ಮಗನೊಬ್ಬನಿದ್ದಾನೆ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕಥೆ ಹೇಳಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಎರಡೆಕರೆ ಎರಿಹೊಲ, ಮಳೆ ಬಂದರೆ ಹೆಸರು ಕಡಲೆ, ಇಲ್ಲದಿದ್ದರೆ ಸಾಲ. ಇಂಥ ಮನೆಯ ಹುಡುಗನಿಗೆ ಮಿಲಿಟರಿ ಭರ್ತಿಯೆಂದರೆ ಬರಿಯ ಕನಸಲ್ಲ, ಮನೆ ನಿಲ್ಲಿಸುವ ದಾರಿ. ಅವನು ದಿನವೂ ನಸುಕಿನಲ್ಲಿ ಎದ್ದು ಕೆನಾಲಿನ ದಂಡೆಯ ಮೇಲೆ ಓಡುತ್ತಿದ್ದನು. ಹದಿನೇಳು ವರ್ಷದವನಿದ್ದಾಗ ಗೆಳೆಯರ ಜೊತೆ ಜಾತ್ರೆಗೆ ಹೋಗಿ, ಇನ್ನೂರು ರೂಪಾಯಿ ಕೊಟ್ಟು, ಬಲಭುಜದ ಮೇಲೆ ಒಂದು ಹುಲಿಯ ಮುಖ ಹಾಕಿಸಿಕೊಂಡು ಬಂದನು. ಸೈನಿಕನಿಗೆ ಹುಲಿ ಒಪ್ಪುತ್ತದೆಂದು ಅವನ ಭಾವನೆ. ಮನೆಯಲ್ಲಿ ಬೈದಾರೆಂದು ತಿಂಗಳುಗಟ್ಟಲೆ ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡನು.

ಭರ್ತಿಯಲ್ಲಿ 1600 ಮೀಟರ್ ಓಟವನ್ನು ಮುಂದಿನ ಗುಂಪಿನಲ್ಲಿಯೇ ಮುಗಿಸಿದನು. ಎದೆ, ಎತ್ತರ, ತೂಕ ಎಲ್ಲವೂ ಸರಿಯಾಗಿದ್ದವು. ವೈದ್ಯಕೀಯ ಪರೀಕ್ಷೆಯಲ್ಲಿ ಅಂಗಿ ತೆಗೆಸಿದಾಗ ಹುಲಿ ಹೊರಬಿದ್ದಿತು. ಅವನು ಮನೆಗೆ ಬಂದನು.

ಇದರಲ್ಲಿ ಅಧಿಕಾರಿಗಳ ತಪ್ಪೇನೂ ಇರಲಿಲ್ಲ. ಭಾರತೀಯ ಸೈನ್ಯದ ನಿಯಮ ಸ್ಪಷ್ಟವಾಗಿದೆ. ಮೊಣಕೈಯ ಒಳಬದಿಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶವಿದೆ; ರೂಢಿಯಿಂದ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟಿನವರಿಗಷ್ಟೇ ವಿನಾಯಿತಿಯುಂಟು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಇನ್ನೂ ಬಿಗಿಯಿದೆ. ಅಲ್ಲಿ ಸಲಾಮು ಹೊಡೆಯದ ಎಡ ಮುಂಗೈಯ ಒಳಭಾಗದಲ್ಲಿ ಅಥವಾ ಕೈಗಳ ಹಿಂಬದಿಯಲ್ಲಿ, ಆ ಅಂಗದ ನಾಲ್ಕನೆಯ ಒಂದು ಭಾಗಕ್ಕಿಂತ ಸಣ್ಣದಾಗಿ ಇರಬೇಕು. ಅದೂ ಧಾರ್ಮಿಕ ಚಿಹ್ನೆ ಇಲ್ಲವೆ ಹೆಸರು ಮಾತ್ರ. ಇವೆಲ್ಲ ಭರ್ತಿಯ ಪ್ರಕಟಣೆಯಲ್ಲಿ ಅಚ್ಚಾಗಿರುತ್ತವೆ. ಅಗ್ನಿವೀರರ ಭರ್ತಿಯು ಹದಿನೇಳೂವರೆ ವರ್ಷಕ್ಕೇ ಆರಂಭವಾಗುವುದರಿಂದ, ಹದಿನಾರರಲ್ಲಿ ಮಾಡಿದ ಉತ್ಸಾಹದ ಕೆಲಸಕ್ಕೆ ಒಂದೂವರೆ ವರ್ಷದಲ್ಲಿಯೇ ಬೆಲೆ ತೆರಬೇಕಾಗುತ್ತದೆ.

ಹುಲಿಯನ್ನು ಅಳಿಸಲು ಕಾಕಾ ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಲೇಸರ್ ಕಿರಣದಿಂದ ಮಸಿಯ ಕಣಗಳನ್ನು ಒಡೆದು ಚೂರು ಮಾಡಬೇಕು. ಆ ಚೂರುಗಳನ್ನು ಮೈ ತಾನೇ ನಿಧಾನವಾಗಿ ಸಾಗಿಸುತ್ತದೆ. ಒಂದು ಸಲಕ್ಕೆ ಆಗುವ ಕೆಲಸವಲ್ಲ. ವಾರಗಟ್ಟಲೆ ಅಂತರ ಬಿಟ್ಟು ಹಲವು ಸಲ ಹೋಗಬೇಕು. ಕಪ್ಪು ಬೇಗ ಹೋಗುತ್ತದೆ, ಹಳದಿ ಹಸುರುಗಳು ಹಟ ಹಿಡಿಯುತ್ತವೆ. ಹೋದ ಮೇಲೂ ಕಲೆ ಉಳಿಯಬಹುದು. ವೈದ್ಯರು ಹೇಳಿದ ವೆಚ್ಚವನ್ನು ಕೇಳಿ ಕಾಕಾ ಬಸ್‌ಸ್ಟ್ಯಾಂಡಿನವರೆಗೂ ಒಂದು ಮಾತಾಡಲಿಲ್ಲವಂತೆ. ಇನ್ನೂರು ರೂಪಾಯಿಗೆ ಬಂದ ಹುಲಿ ಒಂದು ಸುಗ್ಗಿಯ ಪೀಕನ್ನು ತಿನ್ನಲು ನಿಂತಿತ್ತು.

ನಾನು ಅವನನ್ನು ಕೇಳಿದೆ: “ಅಣ್ಣಾ, ಹಾಕಿಸ್ಕೋಳ್ಳೋ ಮುಂಚೆ ಮನ್ಯಾಗ ಒಂದು ಮಾತು ಕೇಳಬಾರದಿತ್ತೇನು?” ಅವನು ಹೇಳಿದ ಉತ್ತರ ನನ್ನನ್ನು ಬಹಳ ದಿನ ಕಾಡಿತು: “ಕೇಳಿದ್ರ ಯಾಕ ಬ್ಯಾಡ ಅಂತ ಹೇಳ್ತಿದ್ದಿಲ್ಲವಾ, ಬರೇ ಬಡೀತಿದ್ರು.”

ತಂದೆತಾಯಿಗಳು ಮಾಡಬೇಕಾದುದೇನು?

ಮೇಲಿನ ಸಂಗತಿಗಳಿಂದ ನನಗೆ ತೋಚಿದ್ದನ್ನು ಸಂಕೋಚದಿಂದಲೇ ಹೇಳುತ್ತೇನೆ.

ಹಿರಿಯರು ಸಾಮಾನ್ಯವಾಗಿ ಮುಂದೊಡ್ಡುವ ಕಾರಣಗಳು ದುರ್ಬಲವಾದವು. “ಜನ ಏನಂದಾರು?” ಎಂಬುದು ಒಂದು. ಜನರು ಅಂದು ಹಚ್ಚೆಯಿಲ್ಲದವಳನ್ನು ಹಂಗಿಸಿದರು, ಇಂದು ಹಚ್ಚೆಯುಳ್ಳವಳನ್ನು ಹಂಗಿಸುತ್ತಾರೆ. ಜನರ ಮಾತು ಗಾಳಿ ಬೀಸಿದ ಕಡೆ ತಿರುಗುವಂಥದು. “ನಮ್ಮ ಸಂಪ್ರದಾಯವಲ್ಲ” ಎಂಬುದು ಇನ್ನೊಂದು. ಅದು ಆಯಿಯ ತೋಳಿನ ಮುಂದೆ ನಿಲ್ಲಲಾರದು. ದುರ್ಬಲವಾದ ಕಾರಣ ಕೊಟ್ಟು ಬೇಡವೆಂದರೆ, ಬಲವಾದ ಕಾರಣಗಳನ್ನೂ ಮಕ್ಕಳು ಕೇಳಿಸಿಕೊಳ್ಳುವುದಿಲ್ಲ. ಬಲವಾದ ಕಾರಣಗಳು ಮೂರೇ: ಸೂಜಿಯಿಂದ ಬರುವ ರೋಗ, ಕೈತಪ್ಪುವ ನೌಕರಿ, ಮತ್ತು ಅಳಿಯದಿರುವ ಗುಣ.

ಮಕ್ಕಳ ಕಡೆಯ ವಾದವೂ ಒಂದಿದೆ: “ಮೈ ನಮ್ಮದು.” ಈ ಮಾತು ಸತ್ಯವಾದುದು, ಆದರೆ ಅದು ಎರಡೂ ಕಡೆಗೆ ಕೊಯ್ಯುವ ಕತ್ತಿ. ಮೈ ನಮ್ಮದೇ ಆದುದರಿಂದ, ಮೂಗು ಚುಚ್ಚಿಸಿಕೊಳ್ಳಲು ಒಲ್ಲೆನೆಂಬ ಹುಡುಗಿಯನ್ನು ಲಗ್ನಕ್ಕೆ ಮುಂಚೆ ಹಿಡಿದು ಕೂಡಿಸಿ ಚುಚ್ಚಿಸುವುದು ತಪ್ಪು. ನಮ್ಮ ಊರುಗಳಲ್ಲಿ ಇದು ಇನ್ನೂ ನಡೆಯುತ್ತದೆ. ಹಚ್ಚೆಗೆ ಬೈಯುವ ತಂದೆತಾಯಿಗಳೇ ಇದನ್ನು ಮಾಡಿಸುತ್ತಾರೆ. ಅದೇ ರೀತಿ, ಮೈ ನಮ್ಮದೇ ಆದುದರಿಂದ, ಮುಂದೆ ನಲವತ್ತು ಐವತ್ತು ವರ್ಷ ಅದರಲ್ಲಿ ಬಾಳಬೇಕಾದವರು ನಾವೇ ಎಂಬುದನ್ನೂ ನೆನೆಯಬೇಕು. ಹದಿನಾರರ ಹುಡುಗಿ ಇಪ್ಪತ್ತಾರರ ಹೆಂಗಸಿನ ತೋಳಿನ ಮೇಲೆ ಬರೆಯುತ್ತಿದ್ದಾಳೆ. ಆ ಹೆಂಗಸನ್ನು ಅವಳಿನ್ನೂ ಕಂಡಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಮುಚ್ಚಬಲ್ಲ ತೂತಿಗೆ, ಮಗು ತಾನಾಗಿ ಬಯಸಿದ್ದರೆ, ತಂದೆತಾಯಿಗಳು ಒಪ್ಪಬಹುದು. ಹಾಲೆಯಾದರೆ ಸುಲಭ, ಮೇಲಂಚಾದರೆ ವೈದ್ಯರ ಸಲಹೆಯಿಂದ, ಶುದ್ಧವಾದ ಸೂಜಿಯಿಂದ, ಪರೀಕ್ಷೆಗಳಿಲ್ಲದ ದಿನಗಳಲ್ಲಿ ಆಗಲಿ. ಧನುರ್ವಾತದ ಲಸಿಕೆಯನ್ನು 10 ಮತ್ತು 16ನೆಯ ವಯಸ್ಸಿನಲ್ಲಿ ಸರಕಾರವೇ ಉಚಿತವಾಗಿ ಕೊಡುತ್ತದೆ. ಅದು ಆಗಿದೆಯೇ ಎಂದು ನೋಡಿಕೊಳ್ಳಬೇಕು. ಮಗು ಬಯಸದಿದ್ದರೆ ಯಾವ ಸಂಪ್ರದಾಯದ ಹೆಸರಿನಲ್ಲಿಯೂ ಚುಚ್ಚಿಸಬಾರದು. ಅಳಿಯದ ಹಚ್ಚೆಗೆ ಮಾತ್ರ 18 ವರ್ಷ ತುಂಬುವವರೆಗೆ ಕಾಯಿರಿ ಎಂದು ಹೇಳಬೇಕು. ಮತದಾನಕ್ಕೂ ಕರಾರುಪತ್ರಕ್ಕೂ 18 ವರ್ಷ ಬೇಕೆನ್ನುವ ನಾವು, ಜೀವಮಾನದ ಒಂದು ಬರಹಕ್ಕೆ ಅಷ್ಟು ಕಾಯುವುದು ಹೆಚ್ಚಲ್ಲ. ಆದರೆ ಕಾಯಲು ಹೇಳುವುದು ಬೇರೆ, ಎಂದೆಂದಿಗೂ ಬೇಡವೆನ್ನುವುದು ಬೇರೆ. ಮೊದಲನೆಯದಕ್ಕೆ ಮಕ್ಕಳು ತಲೆಬಾಗುತ್ತಾರೆ. ಎರಡನೆಯದಕ್ಕೆ ಜಾತ್ರೆಯ ಹಾದಿ ಹಿಡಿಯುತ್ತಾರೆ. ಕಾಕಾನ ಮಗ ಮನೆಯಲ್ಲಿ ಕೇಳುವಂತಿದ್ದರೆ, ಯಾರಾದರೊಬ್ಬರು ಭರ್ತಿಯ ಪ್ರಕಟಣೆಯನ್ನು ಓದಿ ಹೇಳುತ್ತಿದ್ದರು. ಅವನ ನೌಕರಿಯನ್ನು ಹುಲಿಯೊಂದೇ ತಿನ್ನಲಿಲ್ಲ. ಮನೆಯ ಅಂಜಿಕೆಯೂ ತಿಂದಿತು.

ಆಯಿಯ ಮಾತು

ಇಷ್ಟನ್ನು ಬರೆದು ಮನೆಯಲ್ಲಿ ಓದಿ ತೋರಿಸಿದೆ. ಆಯಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಣೆಯ ಬೊಟ್ಟಿನ ಮೇಲೆ ಬೆರಳಿಟ್ಟುಕೊಂಡು ಹೇಳಿದಳು: “ಇದನ್ನ ಹಾಕೂ ಮುಂದ ನನ್ನ ಯಾರೂ ಕೇಳಲಿಲ್ಲ, ಖರೆ. ಆದರ ನಿಮ್ಮಜ್ಜ ಹೋದಾಗ ಬಳಿ ಒಡದ್ರು, ಕುಂಕುಮ ಅಳಿಸಿದ್ರು. ಇದನ್ನ ಅಳಿಸೂದು ಯಾರ ಕೈಲೂ ಆಗಲಿಲ್ಲ. ನನ್ನ ಜೊತಿ ಉಳದದ್ದು ಇದೊಂದ.”

ಅಳಿಯದಿರುವ ಗುಣವನ್ನು ನಾನು ದೋಷವೆಂದಷ್ಟೇ ಎಣಿಸಿದ್ದೆ. ಅದರಲ್ಲಿ ಇಂಥದೊಂದು ಬಲವೂ ಇದೆಯೆಂದು ಅಂದು ತಿಳಿಯಿತು. ಅಷ್ಟು ದೊಡ್ಡದಾದುದನ್ನು ತೊಡುವವಳು ತಾನೇ ತಿಳಿದು ಆರಿಸಿಕೊಳ್ಳಲಿ ಎಂಬ ನನ್ನ ಮಾತು ಅದರಿಂದ ಗಟ್ಟಿಯಾಯಿತೇ ಹೊರತು ಸಡಿಲವಾಗಲಿಲ್ಲ.

ತಂಗಿ ಮೇಲಂಚಿನ ಆಸೆಯನ್ನು ಸದ್ಯಕ್ಕೆ ಬಿಟ್ಟು, ಹಾಲೆಯಲ್ಲಿಯೇ ಎರಡನೆಯ ತೂತು ಮಾಡಿಸಿಕೊಂಡಳು. ಅವ್ವನೇ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದಳು. ನವಿಲುಗರಿಯನ್ನು ಒಂದು ಕಾಗದದ ಮೇಲೆ ಬರೆದು ತನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದಾಳೆ. ದಿನವೂ ನೋಡಿ ಬೇಸರವಾಗದಿದ್ದರೆ ಅದೇ ಚಿತ್ರ, ಬೇಸರವಾದರೆ ಕಾಗದವನ್ನು ಕಿತ್ತರಾಯಿತು. ಅಪ್ಪ ಅದನ್ನು ನೋಡಿ, “ಹದಿನೆಂಟು ತುಂಬಲಿ. ಆಗೂ ಬೇಕನಸಿದ್ರ ನಾನ ಕರಕೊಂಡು ಹೋಗತೀನಿ” ಎಂದರು. ಮೊದಲಿನ ಸಂಜೆ ಅವರು ಬೇಡವೆಂದಾಗ ತಂಗಿ ಮುಖ ತಿರುಗಿಸಿದ್ದಳು; ಈ ಸಲ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.